ಬಸುರಿ ಮೀನುಗಳ ದಿಬ್ಬಣ

ಒಂದೂರಿತ್ತಂತೆ, ಊರ ಮಗ್ಗುಲಲ್ಲೊಂದು ಹೊಳೆ ಇತ್ತಂತೆ. ಆ ಹೊಳೆಯಲ್ಲಿ ಹರಿಗೋಲು ಹಾಕಿ ಜನರನ್ನ ದಾಟಿಸೋ ಚೆನ್ನಾಜಿ ಅನ್ನೋಳಿದ್ದಳಂತೆ. ಆಳು ಮೊಳದುದ್ದ, ಬಾಯಿ ಮಾತ್ರ ನಗಾರಿ.

ಆ ಸೀಮೆಯ ರಾಜ ಹೊಳೆಗೆ ಅಡ್ಡಲಾಗಿ ಏಳಾಳೆತ್ತರದ ಕಟ್ಟೆ ಕಟ್ಟಿಸಿದನಂತೆ. ಕಟ್ಟೆಯ ಹಿಂದೆ ಸಮುದ್ರದಂಗೆ ನೀರು ನಿಂತಿತು. ಊರೆಲ್ಲ ಗದ್ದೆ ಹಸಿರಾಯಿತು. ಆದರೆ ಕಟ್ಟೆಯ ಕೆಳಗೆ ಹರಿಗೋಲು ಹಾಕೋ ಚೆನ್ನಾಜಿ ಕಣ್ಣಿಗೆ ಬಿಳಿಮೀನೇ ಬೀಳದಂಗಾಯಿತು. ಬಿಳಿಮೀನು ಅಂದ್ರೆ ಸಾಮಾನ್ಯವೇ? ಒಂದೊಂದೂ ಕರುವಿನಷ್ಟು ದಪ್ಪ, ಆ ಹೊಳೆ ಬಿಟ್ಟರೆ ಬೇರೆಲ್ಲೂ ಇಲ್ಲ. ಒಂದು ಮಳೆಗಾಲ ಹೋಯಿತು, ಎರಡು ಹೋಯಿತು, ಮೂರೂ ಹೋಯಿತು. ಒಂದು ಮರಿಯೂ ಕಾಣಲಿಲ್ಲ.

ಒಂದಿನ ಬೆಳಗ್ಗೆ ಹರಿಗೋಲಿನ ಪಕ್ಕ ಮುದಿ ಮೀನೊಂದು ತಲೆ ಎತ್ತಿತಂತೆ. ಮೂತಿಯೆಲ್ಲ ಗಾಯ.

"ಯಾಕವ್ವಾ, ಏನಾಯ್ತು?" ಅಂದಳು ಚೆನ್ನಾಜಿ.

"ಏನ್ ಹೇಳಲಿ ಮಗಳೇ! ನಾವು ಮೊಟ್ಟೆ ಇಡೋದು ಮೇಲಿನ ಮಡುವಿನಲ್ಲಿ. ಅದೇ ನಮ್ಮ ತವರು. ಈ ಗೋಡೆ ಹಾರಕ್ಕೋಗಿ ಮೂತಿ ಒಡಕೊಂಡ್ವಿ. ಏಳುನೂರು ಇದ್ದೋರು ಏಳೇ ಜನ ಉಳಿದಿದ್ದೀವಿ. ಏಳೂ ಜನ ತುಂಬಿದ ಬಸುರಿಯರು."

ಚೆನ್ನಾಜಿ ಹರಿಗೋಲು ದಡಕ್ಕೆ ಎಳೆದಳು. ನೆಟ್ಟಗೆ ಅರಮನೆಗೆ ಓಡಿದಳು. ಮೀನು ಮಾತಾಡ್ತು ಅಂದಿದ್ದೇ ತಡ, ಬಾಗಿಲ ಕಾವಲಿನವನು ಬಿದ್ದು ಬಿದ್ದು ನಕ್ಕು ಅವಳನ್ನ ಓಡಿಸಿದನಂತೆ.

"ನಗ್ತೀಯಾ? ನಗು, ನಗು" ಅಂತ ಊರಿಗೆ ಬಂದು ಹೆಂಗಸರನ್ನೆಲ್ಲ ಕೂಡಿಸಿದಳು. ಮದುವೆ ಅಡುಗೆಯ ಏಳು ಕೊಪ್ಪರಿಗೆ ತಂದರು, ನೀರು ತುಂಬಿದರು, ಏಳು ಮೀನು ಇಳಿಸಿದರು, ಮೇಲೆ ಕೆಂಪು ಸೀರೆ ಹೊದಿಸಿದರು. ಬಿದಿರಗಳಕ್ಕೆ ಕಟ್ಟಿ, ವಾಲಗ ಊದಿಸಿಕೊಂಡು, ಸೋಬಾನೆ ಹಾಡಿಕೊಂಡು ಕಟ್ಟೆಯ ಮೆಟ್ಟಿಲು ಹತ್ತಿದರು. ಮೀನು ಬಾಲ ಕೊಡವಿದಾಗಲೆಲ್ಲ ವಾಲಗದವನು ತೊಪ್ಪೆಯಾಗಿ, ಪೀ ಅನ್ನೋ ಸ್ವರ ಪುಸ್ ಅಂತಿತ್ತಂತೆ.

ಕಟ್ಟೆ ಮೇಲೆ ರಾಜ ಗಾಳಿ ತಗೊಳ್ತಾ ನಿಂತಿದ್ದ.

"ಏನಮ್ಮಾ ದಿಬ್ಬಣ?"

"ಬಸುರಿ ಹೆಣ್ಣುಮಕ್ಕಳನ್ನ ತವರಿಗೆ ಕರಕೊಂಡು ಹೋಗ್ತಿದ್ದೀವಿ ಬುದ್ಧಿ."

"ಕೊಪ್ಪರಿಗೇಲಿ?"

"ಕಾಲು ನೆಲಕ್ಕೆ ತಾಗಬಾರದು ಬುದ್ಧಿ!"

"ಹಾಗಾದ್ರೆ ನಾನೇ ಮಡಿಲು ತುಂಬ್ತೀನಿ" ಅಂತ ರಾಜ ತೆಂಗಿನಕಾಯಿ ತರಿಸಿ ಮೊದಲ ಸೆರಗು ಎತ್ತಿದ. "ಅಯ್ಯಯ್ಯೋ, ಈಕೆಗೆ ಮೀಸೆ!" ಅಂದ. ಅಷ್ಟರಲ್ಲಿ ಮುದಿ ಮೀನು ಛಂಗನೆ ಹಾರಿ ಅವನೆದೆಗೆ ಬಡಿಯಿತು. ರಾಜ, ಮೀನು, ಕಾಯಿ ಮೂರೂ ಧೊಪ್ಪಂತ ಹಿನ್ನೀರಿಗೆ!

ರಾಜನಿಗೆ ಈಜು ಬರ್ತಿರಲಿಲ್ಲ. "ಬಾಲ ಹಿಡೀರಿ ಬುದ್ಧಿ, ಬಾಲ!" ಅಂತ ಚೆನ್ನಾಜಿ ಕೂಗಿದಳು. ಹಿಡಿದ. ಮೀನು ಕಿತ್ತಿತು ನೋಡಿ ಓಟ! ಹೆಂಗಸರು ಉಳಿದ ಆರನ್ನೂ ನೀರಿಗೆ ಸುರಿದರು. ಮುಂದೆ ರಾಜ ಕೂಗ್ತಾ, ಹಿಂದೆ ಆರು ಮೀನು, ಅದರ ಹಿಂದೆ ದಡದಲ್ಲಿದ್ದ ಹರಿಗೋಲೊಂದಕ್ಕೆ ಜಿಗಿದು ಹುಟ್ಟು ಹಾಕ್ತಾ ಚೆನ್ನಾಜಿ.

ಹಿನ್ನೀರು ಮುಗಿದು, ಹೊಳೆ ಸಿಕ್ಕಿ, ಮೇಲಿನ ಮಡು ಬಂತು. ರಾಜ ಬಂಡೆ ಮೇಲೆ ಕೂತು ಏದುಸಿರು ಬಿಡ್ತಾ ನೋಡಿದನಂತೆ. ತಿಳಿನೀರಲ್ಲಿ ಏಳು ತಾಯಂದಿರು ಬೆಣಚುಕಲ್ಲು ಸರಿಸಿ, ಹೊನ್ನಿನ ಬಣ್ಣದ ಮೊಟ್ಟೆ ಇಡ್ತಿದ್ದರು.

"ಮೂರು ವರ್ಷದಿಂದ ಇವರು ಬಾಗಿಲು ಬಡೀತಿದ್ರು ಬುದ್ಧಿ" ಅಂದಳು ಚೆನ್ನಾಜಿ.

"ನಂಗೆ ಕೇಳಿಸಲಿಲ್ಲವಲ್ಲ ತಾಯಿ" ಅಂದ ರಾಜ.

ಮಾರನೇ ದಿನವೇ ಕಲ್ಲುಕುಟಿಗರು ಬಂದರು. ಮೀನು ಹತ್ತಿ ಹೋಗಲಿ ಅಂತ ಕಟ್ಟೆಯ ಮಗ್ಗುಲಲ್ಲಿ ಮೆಟ್ಟಿಲು ಮೆಟ್ಟಿಲಾಗಿ ನೀರಿಳಿಯೋ ದಾರಿ ಮಾಡಿದರು. "ನೀರು ಪೋಲಾಗ್ತದೆ" ಅಂದ ಮಂತ್ರಿಯನ್ನ ರಾಜ, "ಬಾಲ ಹಿಡಿದು ಒಂದ್ಸಲ ಹೋಗಿ ಬರ್ತೀಯಾ?" ಅಂತ ಕೇಳಿದನಂತೆ.

ಮುಂದಿನ ಮಳೆಗಾಲ ಚೆನ್ನಾಜಿ ಹುಟ್ಟು ಅದ್ದಿದರೆ ನೀರೇ ಸಿಗಲಿಲ್ಲವಂತೆ. ಬರೀ ಮರಿಗಳು!

ಮೀನು ಮೇಲಕ್ಕೆ ಹೋದವು, ನೀರು ಕೆಳಕ್ಕೆ ಹೋಯಿತು, ಕತೆ ನಿಮ್ಮ ಕಿವಿಗೆ ಹೋಯಿತು, ನಾನಿನ್ನು ಮನೆಗೆ ಹೋಗ್ತೀನಿ.