ಡೊಳ್ಳಯ್ಯ ಹಂಚದ ಒಂದೇ ಕೆಲಸ

ಮಕ್ಕಳೇ, ಬಿದಿರುಮೆಳೆ ಕಾಡಿನಲ್ಲಿ ಹೊಂಡಕ್ಕೊಂದರಂತೆ ಕಪ್ಪೆಗಳಿದ್ದವು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಂದರೆ, ಕಂಡವರು ಹೇಳಿದ್ದನ್ನು ಕೇಳಿದ್ದೇನೆ. ಅವರು ಕಂಡಿದ್ದರೋ ಇಲ್ಲವೋ ನಾನು ಕೇಳಲಿಲ್ಲ.

ಈ ಕಪ್ಪೆಗಳದ್ದು 'ಸೊಳ್ಳೆ ಹಿಡಿಯುವವರ ಬಳಗ'. ಒಬ್ಬರ ಮುಖ ಒಬ್ಬರು ನೋಡಿದ್ದೇ ಅಪರೂಪ. ಕೂತಲ್ಲಿಂದಲೇ ಕೂಗುವುದು, ಕೂತಲ್ಲಿಂದಲೇ ಕೇಳುವುದು. ಎಮ್ಮೆಗೋ ಕಾಡುಹಂದಿಗೋ ಸೊಳ್ಳೆ ಹಿಡಿಯುವವರು ಬೇಕಾದರೆ, ಸುದ್ದಿ ಸಿಕ್ಕ ಕಪ್ಪೆ ಅಲ್ಲಿಗೆ ಹೋಗಿ, ಅಲ್ಲಿನ ಕೆಸರು ಕಾಲಿಗೆ ಮೆತ್ತಿಕೊಂಡು ಬಂದು, ಆಮೇಲೆ ಬಳಗಕ್ಕೆಲ್ಲ ಕೂಗಿ ಹೇಳಬೇಕು. ಇದು ಹಿರಿಯರ ಕಟ್ಟಳೆ.

ಆ ಕಟ್ಟಳೆಯನ್ನು ನೀರಿಗೆ ಬಿಟ್ಟವನು ಡೊಳ್ಳಯ್ಯ. ದೊಡ್ಡ ಹೊಂಡದ ದೊಡ್ಡ ಕಲ್ಲಿನ ಮೇಲೆ ಕೂತ ದೊಡ್ಡ ಹೊಟ್ಟೆಯ ಕಪ್ಪೆ. ಎಲ್ಲಿಂದಲೋ ಅರ್ಧ ಮಾತು ಕಿವಿಗೆ ಬಿದ್ದರೆ ಸಾಕು, ಉಳಿದರ್ಧ ಬರುವ ಮೊದಲೇ ಕೂಗಿಬಿಡುವನು. "ಧನ್ಯವಾದ ಡೊಳ್ಳಯ್ಯನವರೇ" ಎಂದು ಕಾಡೆಲ್ಲ ವಟಗುಟ್ಟುವುದು. ಅವನ ಗಂಟಲು ಇನ್ನಷ್ಟು ಉಬ್ಬುವುದು. ಅವನು ಹೇಳಿದ ಕಡೆ ಯಾರಿಗಾದರೂ ಕೆಲಸ ಸಿಕ್ಕಿತೇ? ಅದನ್ನು ಕೇಳಿದವರಿಲ್ಲ.

ಕೇಳಿದವಳು ಒಬ್ಬಳೇ, ಕೆಂಚಿ. ಅವಳ ಹೊಂಡ ಬತ್ತಿ ಅಂಗೈಯಷ್ಟಾಗಿತ್ತು. ಕೆಲಸದ ಜೊತೆಗೆ ಒಂದಿಷ್ಟು ನೀರಿನ ನೆಲೆ ಸಿಗದಿದ್ದರೆ ಅವಳು ಒಣಗಿ ಸಾಯಬೇಕಿತ್ತು.

"ಅಣ್ಣ, ಆನೆಹೊಂಡದಲ್ಲಿ ಕೆಲಸ ಅಂದೆಯಲ್ಲ. ದಿನವಿಡೀ ಕುಪ್ಪಳಿಸಿ ಹೋದೆ. ಅಲ್ಲಿ ಆನೆಯೂ ಇಲ್ಲ, ಹೊಂಡವೂ ಇಲ್ಲ."

"ಹಂಚುವುದು ನನ್ನ ಕೆಲಸ ತಂಗಿ. ನೋಡುವುದು ನಿನ್ನ ಕೆಲಸ."

ಒಂದು ಹಸಿದ ಕೇರೆ ಹಾವು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿತ್ತು. ಮರುದಿನ ಕೇದಗೆ ಪೊದೆಯ ಮರೆಯಿಂದ ಪಿಸುಗುಟ್ಟಿತು: "ಹುತ್ತದ ಬಳಿ ಕೆಲಸವಿದೆ. ಅನುಭವ ಬೇಡ. ಮೈತುಂಬಿಕೊಂಡವರಿಗೆ ಮೊದಲ ಮಣೆ. ವಾಸ ಒಳಗೇ. ಸೇರಿದವರು ಬಿಟ್ಟುಹೋಗುವ ಮಾತೇ ಇಲ್ಲ."

ಹೇಳುತ್ತಿರುವವರು ಯಾರು ಎಂದು ಡೊಳ್ಳಯ್ಯ ತಿರುಗಿಯೂ ನೋಡಲಿಲ್ಲ. ಕೂಗಿಯೇಬಿಟ್ಟ. ಧನ್ಯವಾದಗಳು ಬಂದು ಬಿದ್ದವು.

ಪಾಪ, ಕೆಂಚಿ ಹೊರಟಳು. ಹುತ್ತದ ಬಾಯಲ್ಲಿ ಕೇರೆಯ ಪೊರೆ ನೇತಾಡುವುದನ್ನು ದೂರದಿಂದಲೇ ಕಂಡು, ಎದ್ದೆನೋ ಬಿದ್ದೆನೋ ಎಂದು ವಾಪಸು ಓಡಿಬಂದಳು. "ಹುತ್ತಕ್ಕೆ ಯಾರೂ ಹೋಗಬೇಡಿ, ಅಲ್ಲಿರುವುದು ಕೇರೆ" ಎಂದು ಹೊಂಡ ಹೊಂಡಕ್ಕೂ ಸಾರಿದಳು.

"ಬಂದದ್ದನ್ನು ಬಂದ ಹಾಗೆ ಕೂಗಿದೆ" ಎಂದ ಡೊಳ್ಳಯ್ಯ. "ಒಳ್ಳೆಯದಾದರೆ ನನ್ನಿಂದ. ಕೆಟ್ಟದ್ದಾದರೆ ಹೇಳಿದವರಿಂದ."

"ಹೇಳಿದವರು ಯಾರು ಅಣ್ಣ?"

"ಅದೆಲ್ಲ ಕೇಳುತ್ತ ಕೂತರೆ ಬೇರೆ ಯಾರಾದರೂ ಮೊದಲು ಕೂಗಿಬಿಡುವುದಿಲ್ಲವೇ? ಹೊಟ್ಟೆಕಿಚ್ಚು ಒಳ್ಳೆಯದಲ್ಲ, ತಂಗಿ."

ಹುತ್ತದತ್ತ ಒಂದು ಕಪ್ಪೆಯೂ ಸುಳಿಯಲಿಲ್ಲ. ಕೇರೆಯ ಹೊಟ್ಟೆ ಬೆನ್ನಿಗಂಟಿತು. ಅದು ಮತ್ತೆ ಪೊದೆಯ ಮರೆಗೆ ಬಂತು.

"ಡೊಳ್ಳಯ್ಯನವರೇ, ಮೆಳೆಯ ಆಚೆ ಒಂದು ಯಜಮಾನಿಕೆ ಖಾಲಿ ಇದೆ. ಮೈತುಂಬಿಕೊಂಡವರಿಗೆ ಮೊದಲ ಮಣೆ. ನಿಮ್ಮಂಥವರಿಗೆ ಹೇಳಿ ಮಾಡಿಸಿದ್ದು. ಊಟ, ವಸತಿ ಎರಡೂ ಇದೆ. ಯಾರ ಕಿವಿಗೂ ಹಾಕಬೇಡಿ, ಪೈಪೋಟಿಯಾದೀತು."

ಹುಟ್ಟಿದಾರಭ್ಯ ಮುಚ್ಚದ ಬಾಯನ್ನು ಡೊಳ್ಳಯ್ಯ ಅಂದು ಮುಚ್ಚಿದ.

"ಅಣ್ಣ, ಇವತ್ತು ಏನೂ ಕೂಗಲಿಲ್ಲ?" ಎಂದಳು ಕೆಂಚಿ. ಅವಳ ಚರ್ಮ ಬಿರಿಯತೊಡಗಿತ್ತು.

"ಎಲ್ಲಿದೆ ತಂಗಿ ಕೆಲಸ? ಕಾಲ ಕೆಟ್ಟಿದೆ."

ಒಂದು ಮಾತು ಕೂಗಿದ್ದರೆ, 'ಮೈತುಂಬಿಕೊಂಡವರು' ಎಂದು ಕೇಳಿದೊಡನೆ ಕೆಂಚಿ ಅವನನ್ನು ತಡೆಯುತ್ತಿದ್ದಳು. ಅವನು ಕೂಗಲಿಲ್ಲ. ಮೈ ತೊಳೆದುಕೊಂಡು, ಸದ್ದಿಲ್ಲದೆ, ಮೆಳೆಯ ಆಚೆಗೆ ಹೋದ.

"ಹತ್ತಿರ ಬನ್ನಿ" ಎಂದಿತು ಎಲೆಗಳೊಳಗಿನ ದನಿ.

"ಊಟ, ವಸತಿ ಅಂದಿರಲ್ಲ?"

"ಅಂದೆನಲ್ಲ. ಊಟ ನನಗೆ, ವಸತಿ ನಿಮಗೆ."

ಮರುದಿನ ಬೆಳಿಗ್ಗೆ ಯಾರೂ ಏನೂ ಕೂಗದಿದ್ದರೂ, ರೂಢಿಯ ಬಲದಿಂದ ಕಾಡೆಲ್ಲ "ಧನ್ಯವಾದ ಡೊಳ್ಳಯ್ಯನವರೇ" ಎಂದಿತು.

ಆಮೇಲೆ ದೊಡ್ಡ ಹೊಂಡದಿಂದ ಕೆಂಚಿಯ ದನಿ ಕೇಳಿಸಿತು: "ಡೊಳ್ಳಯ್ಯನ ಕಲ್ಲು ಖಾಲಿಯಾಗಿತ್ತು. ಈಗ ಇಲ್ಲ. ನೋಡಿಯೇ ಹೇಳುತ್ತಿದ್ದೇನೆ, ಅದರ ಮೇಲೆ ನಾನೇ ಕೂತಿದ್ದೇನೆ."

ನೀತಿ: ತಾನು ನೋಡದ ಕೆಲಸವನ್ನು ಊರಿಗೆಲ್ಲ ಹಂಚಿ ಹೊಗಳಿಸಿಕೊಳ್ಳುವವನಿಗೆ ಕೊನೆಗೆ ಅಂಥದೇ ಒಂದು ಕೆಲಸ ಸಿಗುತ್ತದೆ.