ಹೊಗಳಿದರೆ ಒಡೆಯುವ ಗಡಿಗೆ

“ಅಜ್ಜಾರ, ಫೋನಿನೊಳಗಿನ ಯಂತ್ರದ ಬಾಯಾಗ ನನ್ನ ಖಾನಾವಳಿ ಹೆಸರು ಬರಬೇಕಂದ್ರ ನಾ ಏನು ಮಾಡಬೇಕ್ರಿ?”

ದಾನವ್ವ ಕೇಳಿದ ಪ್ರಶ್ನೆ ಇದು. ಮಠದ ಪಡಸಾಲೆಯಲ್ಲಿ ಕೂತಿದ್ದ ನಾಲ್ಕೈದು ಭಕ್ತರು ಮುಖ ಮುಖ ನೋಡಿಕೊಂಡರು. ಅಲ್ಲಿ ಮೋಕ್ಷ ಕೇಳಿದವರಿದ್ದರು, ಮಳೆ ಕೇಳಿದವರಿದ್ದರು, ಮಗಳಿಗೆ ಗಂಡು ಕೇಳಿದವರಂತೂ ಲೆಕ್ಕವಿಲ್ಲ. ಇಂಥ ಪ್ರಶ್ನೆ ಮಾತ್ರ ಇದೇ ಮೊದಲು. ಒಬ್ಬರು ಕಿಸಕ್ಕನೆ ನಕ್ಕೂ ಬಿಟ್ಟರು. ಮಠದ ಸ್ವಾಮಿಗಳಾದ ಅಜ್ಜಾವರು ನಗಲಿಲ್ಲ. ದಾನವ್ವ ಮೂವತ್ತು ವರ್ಷದಿಂದ ಪ್ರತಿ ಸೋಮವಾರ ಬಂದು, ಅವರ ಮಾತು ಕೇಳಿಸಿಕೊಂಡು, ತಾನು ಒಂದು ಮಾತೂ ಕೇಳದೆ ಎದ್ದುಹೋಗುತ್ತಿದ್ದವಳು. ಅಂಥವಳು ಇವತ್ತು ಬಾಯಿಬಿಟ್ಟಿದ್ದಾಳೆಂದರೆ ಸುಮ್ಮನೆ ಅಲ್ಲ ಎಂದು ಅವರಿಗೆ ತಿಳಿದಿತ್ತು.

“ಯಾವ ಯಂತ್ರ ತಂಗಿ? ಬಿಡಿಸಿ ಹೇಳು,” ಎಂದರು.

ದಾನವ್ವ ಬಿಡಿಸಿ ಹೇಳಿದಳು. ಅವಳ ರೊಟ್ಟಿ ಖಾನಾವಳಿ ಇದ್ದದ್ದು ಹಳೇ ಬಸ್ ಸ್ಟ್ಯಾಂಡಿನ ಎದುರು. ಒಂದು ಕಾಲವಿತ್ತು. ಬಸ್ಸು ನಿಂತ ಕೂಡಲೇ ಕಂಡಕ್ಟರನೇ ಕೂಗುತ್ತಿದ್ದ, “ಇಳೀರಿ, ಇಳೀರಿ, ಅರ್ಧಾ ತಾಸು ಅದ, ದಾನವ್ವನ ರೊಟ್ಟಿ ಉಂಡು ಬರ್ರಿ!” ಕೋರ್ಟಿಗೆ ಬಂದ ವಾದಿ ಪ್ರತಿವಾದಿಗಳು ಅವಳ ಒಂದೇ ಚಾಪೆಯ ಮೇಲೆ ಕೂತು ಉಣ್ಣುತ್ತಿದ್ದರು. ಬದನೆಕಾಯಿ ಎಣ್ಣೆಗಾಯಿ ಬಿಸಿಯಾಗಿ ಬಂದಾಗ ಜಗಳ ಅಷ್ಟು ಹೊತ್ತು ಹೊರಗೆ ನಿಲ್ಲುತ್ತಿತ್ತು. ಯಾರೂ ಯಾರನ್ನೂ ದಾರಿ ಕೇಳುವ ಪ್ರಮೇಯವೇ ಇರಲಿಲ್ಲ. ಎಷ್ಟು ಚಂದಿತ್ತು ಅಜ್ಜಾರ, ಎಂದಳು. ಎಷ್ಟು ಚಂದಿತ್ತು!

ಈಗ ಬಸ್ ಸ್ಟ್ಯಾಂಡು ಊರ ಹೊರಗೆ ಹೋಗಿದೆ. ಪರಊರಿನವರು ಕಾರಿನಲ್ಲಿ ಕೂತೇ ಫೋನನ್ನು ಕೇಳುತ್ತಾರೆ, ಇಲ್ಲಿ ಊಟಕ್ಕೆ ಎಲ್ಲಿ ಚೆನ್ನಾಗಿದೆ ಎಂದು. ಫೋನು ಹೇಳಿದಲ್ಲಿಗೆ ಹೋಗುತ್ತಾರೆ. ಹೋದ ತಿಂಗಳು ಗಾಡಿ ಕೆಟ್ಟು ನಿಂತಿದ್ದ ಒಂದು ಸಂಸಾರ ಅವಳಲ್ಲಿ ಉಂಡು, “ಇಷ್ಟು ಒಳ್ಳೇ ಊಟ, ನಿಮ್ಮ ಹೆಸರು ಅದರಲ್ಲಿ ಬರೋದೇ ಇಲ್ವಲ್ಲಮ್ಮ,” ಎಂದಿತ್ತು. ಆ ಮೇಲೆ ದಾನವ್ವ ತಾನೇ ಫೋನು ಹಿಡಿದು ಕೇಳಿದಳು. ಅದು ಮೂರು ಹೆಸರು ಹೇಳಿತು.

“ಅದರಾಗ ಒಂದು ಹೋಟೆಲ್ ಬಾಗಿಲಾ ಹಾಕಿ ಎರಡು ವರ್ಷ ಆತ್ರಿ. ಸತ್ತ ಹೋಟೆಲಿನ ಹೆಸರು ಹೇಳತದ, ಬದುಕಿದ್ದ ನನ್ನ ಹೆಸರು ಹೇಳೂದುಲ್ಲ!”

ದೀಪಾವಳಿಯವರೆಗೆ ನೋಡುವುದು, ಆಮೇಲೂ ಹೀಗೇ ಇದ್ದರೆ ಒಲೆ ಆರಿಸುವುದು ಎಂದು ಅವಳು ತೀರ್ಮಾನ ಮಾಡಿದ್ದಳು. ಅವಳ ಜೊತೆ ರೊಟ್ಟಿ ಬಡಿಯುವ ನಾಲ್ವರು ಹೆಂಗಸರಿಗೆ ಇನ್ನೂ ಆ ಮಾತು ಹೇಳಿರಲಿಲ್ಲ. ಹೇಳಲು ಬಾಯಿ ಬಂದಿರಲಿಲ್ಲ. ಇಷ್ಟರಲ್ಲಿ ಪೇಟೆಯ ಒಬ್ಬ ಏಜೆಂಟ ಬಂದಿದ್ದ. ಇನ್ನೂರು ಜನರ ಹೆಸರಿನಲ್ಲಿ ಹೊಗಳಿಕೆ ಬರೆಸುತ್ತೇನೆ, ಯಂತ್ರ ಅದನ್ನು ಓದಿ ನಿಮ್ಮ ಹೆಸರು ಹೇಳುತ್ತದೆ ಎಂದಿದ್ದ. ನಾಳೆ ಅವನಿಗೆ ಹೂಂ ಅನ್ನಬೇಕು, ಇಲ್ಲವೆ ಉಹೂಂ ಅನ್ನಬೇಕು.

ಅಜ್ಜಾವರು ಕೇಳಿದರು, “ಆ ಯಂತ್ರ ನಿನ್ನ ರೊಟ್ಟಿ ಉಂಡದ ಏನು?”

“ಅದ್ಯಾಂಗ ಉಣ್ಣತದ್ರಿ? ಮಂದಿ ಬರೆದಿದ್ದು ಓದಿ ಹೇಳತದಂತ.”

“ನಿನ್ನಲ್ಲಿ ಉಂಡವರು ಏನೂ ಬರೆದಿಲ್ಲೇನು?”

“ಅವರ್ಯಾಕ ಬರೀತಾರ್ರಿ? ಉಂಡರು, ತೇಗಿದರು, ಕೈ ತೊಳಕೊಂಡು ಹೋದರು. ತಾಟು ಬರಿದಾದ ಮ್ಯಾಲೆ ಮತ್ತ ಮಾತೇನದ?” ದಾನವ್ವನ ದನಿಯಲ್ಲಿ ಸ್ವಲ್ಪ ಜಂಬವೂ ಇತ್ತು.

ಅಜ್ಜಾವರು ಕಾಲು ಮಡಚಿ ಸರಿಯಾಗಿ ಕೂತರು. “ಹಂಗಾರ ಒಂದು ಕತಿ ಕೇಳು,” ಎಂದು ಶುರುಮಾಡಿದರು.

ಬಂಡಿಗಳ ಕಾಲ. ಈಗಿನ ಹಾಗೆ ಭರ್ರನೆ ಬಂದು ಭರ್ರನೆ ಹೋಗುವ ಕಾಲವಲ್ಲ. ದಾರಿಯಲ್ಲಿ ಎದುರಾದವರೆಲ್ಲ ನಿಂತು, ಯಾವೂರು, ಏನು ಸಮಾಚಾರ ಎಂದು ಕೇಳಿ ಮುಂದೆ ಹೋಗುತ್ತಿದ್ದ ಒಳ್ಳೆಯ ಕಾಲ. ಒಂದು ಊರು. ಊರ ಹೊರಗೆ ನಾಲ್ಕು ಹಾದಿ ಕೂಡುವಲ್ಲಿ ಒಂದು ಛತ್ರ. ಛತ್ರಕ್ಕೆ ಒಬ್ಬ ಮುದುಕಿ. ಮಂಡಿ ಹಿಡಿದುಹೋಗಿ ಇಪ್ಪತ್ತು ವರ್ಷದಿಂದ ಅವಳು ಊರೊಳಗೆ ಕಾಲಿಟ್ಟಿರಲಿಲ್ಲ. ಆದರೂ ದಾರಿಹೋಕರು ಅವಳನ್ನೇ ಕೇಳುವರು. ಎತ್ತಿಗೆ ಲಾಳ ಯಾರು ಕಟ್ಟುತ್ತಾರೆ, ಜ್ವರಕ್ಕೆ ಮದ್ದು ಯಾರು ಕೊಡುತ್ತಾರೆ, ಒಳ್ಳೆಯ ಗಡಿಗೆ ಎಲ್ಲಿ ಸಿಗುತ್ತದೆ? ಮುದುಕಿ ತಡವರಿಸದೆ ಹೇಳುವಳು. ಜಗಲಿಯ ಮೇಲೆ ಕೂತವರು ಆಡಿಕೊಂಡ ಮಾತು ಬಿಟ್ಟರೆ ಅವಳಿಗೆ ಬೇರೆ ಅರಿವಿಲ್ಲ. ಕೇಳಿದ್ದನ್ನು ಹೇಳುವಳು, ಕೇಳದ್ದನ್ನು ಹೇಳಲಾರಳು. ಒಮ್ಮೆ ಸತ್ತುಹೋದ ವೈದ್ಯನ ಮನೆಗೇ ರೋಗಿಯನ್ನು ಕಳಿಸಿದ್ದಳು. ಅವಳದೇನು ತಪ್ಪು? ವೈದ್ಯ ಸತ್ತದ್ದನ್ನು ಅವಳಿಗೆ ಯಾರೂ ಹೇಳಿರಲಿಲ್ಲ.

ಆ ಊರಲ್ಲಿ ಒಬ್ಬ ಕುಂಬಾರನಿದ್ದ. ಅವನ ಗಡಿಗೆಯ ನೀರು ಬೇಸಿಗೆಯ ಮಟಮಟ ಮಧ್ಯಾಹ್ನದಲ್ಲೂ ತಣ್ಣಗಿರುತ್ತಿತ್ತು. ಒಂದು ಗಡಿಗೆ ಒಯ್ದರೆ ಹತ್ತು ವರ್ಷ ಚಿಂತೆಯಿಲ್ಲ. ಒಳ್ಳೆಯ ಗಡಿಗೆ ಮಾಡುವವನ ಕರ್ಮ ನೋಡು: ಒಯ್ದವರು ಹತ್ತು ವರ್ಷ ತಿರುಗಿ ಬರುವುದಿಲ್ಲ! ಹೊಸಬರು ಬಂದರೆ ಮಾತ್ರ ಅವನಿಗೆ ಬದುಕು. ಆದರೆ ಬಂಡಿ ತುಂಬ ಗಡಿಗೆ ಕೊಳ್ಳಲು ಬಂದವರೆಲ್ಲ ಛತ್ರದ ಮುದುಕಿಯನ್ನು ಕೇಳಿ, ಅವಳ ಮಾತಿನಂತೆ ಪಕ್ಕದೂರಿಗೆ ಹೋಗುತ್ತಿದ್ದರು. ಅಲ್ಲಿಯ ಗಡಿಗೆ ಎರಡೇ ತಿಂಗಳಿಗೆ ಜಿನುಗುತ್ತಿತ್ತು. ಗಡಿಗೆ ಸುಡುವ ಇವನ ಆವಿಗೆಗೆ ಮೊದಲು ಅಮಾವಾಸ್ಯೆಗೊಮ್ಮೆ ಬೆಂಕಿ ಬೀಳುತ್ತಿತ್ತು; ಈಗ ಆರು ತಿಂಗಳಾದರೂ ಬೂದಿ ತಣ್ಣಗೇ ಇತ್ತು. ಗಡಿಗೆ ತಿರುಗಿಸುವ ತಿಗರಿ ಮಾರಿ ಕೂಲಿಗೆ ಹೋಗುವುದೊಂದೇ ಅವನಿಗೆ ಉಳಿದ ದಾರಿ.

ಕುಂಬಾರ ಒಂದು ಚೆಂದದ ಗಡಿಗೆ ಹೊತ್ತು ಛತ್ರಕ್ಕೆ ಹೋದ. ಮುದುಕಿಯ ಮುಂದೆ ಇಟ್ಟು, “ಯವ್ವಾ, ಬಂದವರಿಗೆ ನನ್ನ ಹೆಸರೂ ಒಂದೀಟು ಹೇಳು,” ಎಂದ.

ಮುದುಕಿ ಗಡಿಗೆಯನ್ನು ತಟ್ಟಿ ನೋಡಿದಳು. “ಗಡಿಗಿ ಇಟಗೋತೀನಪ್ಪಾ, ನನಗೂ ನೀರಡಿಕಿ ಆಗತದ. ಆದರ ನಿನ್ನ ಮಾತು ನಾ ಹೇಳಿದರ ಅದು ನಿನ್ನ ಮಾತಾಗತದ. ನಾ ಹೇಳೂದು ಉಣ್ಣೋರ, ಕುಡಿಯೋರ ಮಾತು. ಅವರ್ಯಾರೂ ನಿನ್ನ ಹೆಸರು ಎತ್ತಿಲ್ಲಲ್ಲೋ.”

ಕುಂಬಾರ ಪೆಚ್ಚುಮೋರೆ ಹಾಕಿಕೊಂಡು ಮನೆಗೆ ಬಂದ. ಅವನಿಗೆ ಐವರು ಭಾವಮೈದುನರಿದ್ದರು. ಉಂಡಾಡಿಗಳು, ಮಾತಿಗೇನು ಕಮ್ಮಿಯಿಲ್ಲ. ತಲೆಗೆ ಒಬ್ಬೊಬ್ಬರು ಒಂದೊಂದು ಬಣ್ಣದ ರುಮಾಲು ಸುತ್ತಿಕೊಂಡು, ಪರಊರಿನವರಂತೆ ನಟಿಸುತ್ತ, ದಿನಕ್ಕೊಬ್ಬನಂತೆ ಛತ್ರದ ಜಗಲಿಯ ಮೇಲೆ ಕೂತರು. ಐದು ಜನರೂ ಹೇಳಿದ್ದು ಒಂದೇ ಮಾತು: ಮೂರು ಲೋಕ ಹುಡುಕಿದರೂ ಇಂಥ ಗಡಿಗೆ ಇಲ್ಲ. ಐದನೆಯ ದಿನ ಮುದುಕಿ ಕುಂಬಾರನನ್ನೇ ಕರೆಸಿದಳು.

“ತಮ್ಮಾ, ಖರೇನ ನೀರು ಕುಡದಾಂವ ಮೂರು ಲೋಕದ ಸುದ್ದಿಗೆ ಹೋಗೂದುಲ್ಲ. ‘ಬಿಸಲಾಗಿಂದ ಬಂದೆ, ಎರಡು ತಂಬಿಗಿ ಕುಡದೆ, ಜೀವ ತಣ್ಣಗಾತು’ ಅಂತಾನ. ಐದು ರುಮಾಲಿನಾಗ ಒಂದ ಬಾಯಿ ಇಟ್ಟು ಕಳಿಸಿದಿ. ನಾ ಮುದುಕಿ ಇದ್ದೀನಿ, ಕಿವುಡಿ ಅಲ್ಲ.”

ಇಷ್ಟು ಹೇಳಿ ಅಜ್ಜಾವರು ದಾನವ್ವನ ಕಡೆ ನೋಡಿದರು. ದಾನವ್ವ ಏಜೆಂಟನನ್ನು ನೆನೆದು ತಲೆ ತಗ್ಗಿಸಿದಳು. ಅಜ್ಜಾವರು ಕತೆ ಮುಂದುವರಿಸಿದರು.

ಕುಂಬಾರನಿಗೆ ಸಿಟ್ಟು ಬಂತು. ಬಂದದ್ದು ಮುದುಕಿಯ ಮೇಲಲ್ಲ, ಊರವರ ಮೇಲೆ. ಆರು ಓಣಿಯ ಮನೆಮನೆಯಲ್ಲೂ ನನ್ನ ಗಡಿಗೆ ಇದೆ, ಒಬ್ಬರಾದರೂ ಹೇಳಬಾರದೇ? ನೆಟ್ಟಗೆ ಮೊದಲ ಮನೆಗೆ ಹೋಗಿ ಬಾಗಿಲಲ್ಲೇ ನಿಂತು ಕೇಳಿದ, ನನ್ನ ಗಡಿಗೆಯಲ್ಲಿ ಏನು ಕುಂದು ಎಂದು. ಮನೆಯಾಕೆ ಗಾಬರಿಯಾದಳು.

“ಕುಂದು? ಶಿವಶಿವಾ! ಬಂಗಾರದಂಥಾ ಗಡಿಗಿ. ಅದಕ್ಕ ಯಾರ ಮುಂದೂ ಬಾಯಿ ಬಿಟ್ಟಿಲ್ಲೋ ಯಪ್ಪಾ. ಹೊಗಳಿದರ ದೃಷ್ಟಿ ತಾಕಿ ಒಡೀತದಲ್ಲ! ಕೊಡೂವಾಗ ನೀನ ಹೇಳಿದಿ, ಯಾರ ಮುಂದೂ ಹೇಳಬ್ಯಾಡ್ರಿ ಅಂತ.”

ಕುಂಬಾರ ನಿಂತಲ್ಲೇ ನಿಂತ. ಹೌದು, ಅವನೇ ಹೇಳಿದ್ದ. ಅವನ ಅಪ್ಪ ಹೇಳುತ್ತಿದ್ದ, ಅಪ್ಪನ ಅಪ್ಪ ಹೇಳುತ್ತಿದ್ದ. ಗಡಿಗೆಯ ಕೊರಳಿಗೆ ಕರಿದಾರ ಕಟ್ಟಿ, ಕೊಳ್ಳುವವರ ಕೈಗೆ ಕೊಟ್ಟು, ಈ ಮಾತು ಹೇಳುವುದು ಆ ಮನೆತನದ ಪದ್ಧತಿ. ಬಂದ ನೆಂಟರು ನೀರು ಕುಡಿದು, “ಇಷ್ಟು ತಣ್ಣಗೈತಲ್ಲ, ಎಲ್ಲೀ ಗಡಿಗಿ?” ಎಂದರೆ, “ಅಯ್ಯ, ಎಂಥಾದೋ ಹಳೇದು ಬಿಡ್ರಿ,” ಎನ್ನುವುದು ಊರ ಹೆಂಗಸರ ಪದ್ಧತಿ. ಗಡಿಗೆಯ ಮೇಲೆ ಪ್ರೀತಿ ಹೆಚ್ಚಿದಷ್ಟೂ ಬಾಯಿ ಬಿಗಿಯಾಗುತ್ತಿತ್ತು. ಪಕ್ಕದೂರಿನ ಕುಂಬಾರನ ಗಡಿಗೆಯ ಮೇಲೆ ಯಾರಿಗೂ ಅಂಥ ಪ್ರೀತಿ ಇರಲಿಲ್ಲ. ಆದ್ದರಿಂದ ಅದರ ಮಾತನ್ನು ಧಾರಾಳವಾಗಿ ಆಡುತ್ತಿದ್ದರು. ನಗುವುದೋ ಅಳುವುದೋ ಕುಂಬಾರನಿಗೆ ತಿಳಿಯಲಿಲ್ಲ. ಕೊನೆಗೆ ಅವನು ತನ್ನ ಹಿರಿಯರು ಎಂದೂ ಆಡದ ಮಾತು ಆಡಿದ.

“ಅವ್ವಾ, ಇನ್ನ ಮ್ಯಾಲೆ ಹೇಳ್ರಿ. ಇದ್ದದ್ದು ಇದ್ದಂಗ ಹೇಳ್ರಿ. ಹೊಗಳಿ ಒಡೆದರ ಮತ್ತೊಂದು ಗಡಿಗಿ ನಾ ಕೊಡತೀನಿ.”

ಆರು ಓಣಿಯಲ್ಲೂ ಅದನ್ನೇ ಹೇಳಿ ಬಂದ. ಜನ ಕೇಳಿಸಿಕೊಂಡರು, ಆದರೆ ಯಾರಿಗೂ ಧೈರ್ಯವಿಲ್ಲ. ಆ ಮೊದಲ ಮನೆಯಾಕೆ ಮಾತ್ರ ತವರಿಗೆ ಹೊರಟವಳು ಛತ್ರದ ಜಗಲಿಯಲ್ಲಿ ಕೂತಾಗ, ಎದೆ ಗಟ್ಟಿಮಾಡಿಕೊಂಡು ಮುದುಕಿಗೆ ಹೇಳಿದಳು: ನಮ್ಮೂರ ಕುಂಬಾರನ ಗಡಿಗೆ, ಎಂಟು ವರ್ಷವಾಯಿತು, ಇವತ್ತಿಗೂ ನೀರು ತಣ್ಣಗಿದೆ. ಅಷ್ಟು ಹೇಳಿ ಕೆನ್ನೆ ಕೆನ್ನೆ ಬಡಿದುಕೊಂಡಳು. ತವರಿನಿಂದ ತಿರುಗಿ ಬಂದು ನೋಡುತ್ತಾಳೆ, ಗಡಿಗೆ ಮೂರು ಹೋಳಾಗಿ ಬಿದ್ದಿದೆ!

ಊರಿಗೆ ಊರೇ ಸೇರಿತು. ನೋಡಿದಿರಾ, ನಾವು ಹೇಳಲಿಲ್ಲವೇ ಎಂದರು. ಅವಳ ಗಂಡ, ಬೆಕ್ಕು ಕೆಡವಿದ್ದನ್ನು ನಾನೇ ಕಂಡೆ ಎಂದು ಕೂಗಿ ಕೂಗಿ ಹೇಳಿದರೂ ಕೇಳುವವರಿಲ್ಲ. ಎಲ್ಲರ ಕಣ್ಣೂ ಕುಂಬಾರನ ಮೇಲೆ. ಅವನ ಹತ್ತಿರ ಉಳಿದಿದ್ದದ್ದು ಒಂದೇ ಗಡಿಗೆ. ತನ್ನ ಮನೆಯಲ್ಲಿ ಕುಡಿಯುವ ನೀರಿಗೆ ಇಟ್ಟುಕೊಂಡದ್ದು. ಬೆಕ್ಕಿನ ತಪ್ಪಿಗೆ ನಾನೇಕೆ ಕೊಡಲಿ ಎಂದು ಅವನು ಅನ್ನಬಹುದಿತ್ತು. ಅಂದಿದ್ದರೆ ನ್ಯಾಯವೇ ಆಗುತ್ತಿತ್ತು. ಅವನು ಅನ್ನಲಿಲ್ಲ. ಮನೆಗೆ ಹೋಗಿ ನೀರು ಚೆಲ್ಲಿ, ಗಡಿಗೆಯನ್ನು ಒರೆಸಿ ತಂದು ಅವಳ ಕೈಗೆ ಕೊಟ್ಟ. ಈ ಸಲ ಕೊರಳಿಗೆ ದಾರ ಕಟ್ಟಲಿಲ್ಲ.

ಆ ಹೆಂಗಸು ಮರುದಿನವೇ ಛತ್ರಕ್ಕೆ ಹೋಗಿ ನಡೆದದ್ದನ್ನೆಲ್ಲ ಹೇಳಿದಳು, ಬೆಕ್ಕಿನ ಸಮೇತ. ಅವಳ ಹಿಂದೆ ಮತ್ತೊಬ್ಬಳು ಹೋದಳು, ಮಗದೊಬ್ಬಳು ಹೋದಳು. ಒಬ್ಬಳು, ಗಡಿಗೆ ಒಳ್ಳೆಯದೇ ಆದರೆ ಬಾಯಿ ಸಣ್ಣದು, ಕೈ ಹಿಡಿಸುವುದಿಲ್ಲ ಎಂದೂ ಹೇಳಿದಳು. ಮುದುಕಿ ಅದನ್ನೂ ಬಿಡದೆ ಹೇಳಿದಳು. ಬಂಡಿಯವರು ಒಳ್ಳೆಯ ಗಡಿಗೆ ಎಲ್ಲಿ ಎಂದು ಕೇಳಿದರೆ, “ಇದೇ ಊರಾಗ ಒಬ್ಬ ಇದ್ದಾನ. ಬಾಯಿ ಸಣ್ಣದು ಮಾಡತಾನ, ನೀರು ತಣ್ಣಗಿರತದ. ಬೆಕ್ಕು ಒಡೆದ ಗಡಿಗೀಗೂ ಗಡಿಗಿ ಕೊಟ್ಟಾನ,” ಎನ್ನುವಳು. ಆ ಅಮಾವಾಸ್ಯೆಗೆ ಕುಂಬಾರನ ಆವಿಗೆಗೆ ಬೆಂಕಿ ಬಿತ್ತು.

ಕತೆ ಮುಗಿಯಿತು. ದಾನವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮೂವತ್ತು ವರ್ಷ ಅವಳೂ ಒಂದು ಪದ್ಧತಿ ನಡೆಸಿದ್ದಳು. ಉಂಡವರು ಊಟ ಚೆನ್ನಾಗಿತ್ತು ಎನ್ನಲು ಬಾಯಿ ತೆರೆದರೆ, “ಸಾಕ್ ಸಾಕು, ಏಳ್ರಿ, ಹಿಂದ ಮಂದಿ ನಿಂತಾರ,” ಎಂದು ಗದರಿಸಿ ಎಬ್ಬಿಸುತ್ತಿದ್ದಳು. ಹೊಗಳಿಕೆ ಕೇಳುವುದೆಂದರೆ ಅವಳಿಗೆ ನಾಚಿಕೆ. ಆಗ ಹಿಂದೆ ನಿಜವಾಗಿಯೂ ಜನ ನಿಂತಿರುತ್ತಿದ್ದರು. ಈಗ ನಿಲ್ಲುವವರಿಲ್ಲದಿದ್ದರೂ ಆ ಗದರಿಕೆ ಮಾತ್ರ ನಿಂತಿರಲಿಲ್ಲ.

“ಏಜೆಂಟಗ ಒಲ್ಲೆ ಅಂತೀನ್ರಿ ಅಜ್ಜಾರ. ಉಂಡವರಿಗೇ ಕೇಳತೀನಿ, ಇದ್ದದ್ದು ಇದ್ದಂಗ ಬರೀರಿ, ಉಪ್ಪು ಕಡಿಮಿ ಇದ್ದರ ಅದನ್ನೂ ಬರೀರಿ ಅಂತ. ಯಾವ ಓಣಿ, ಎಷ್ಟು ಗಂಟೆಗೆ ಬಾಗಿಲಾ ತೆಗೀತೀನಿ, ಎಲ್ಲಾ ಬರೆಸತೀನಿ.” ಅಷ್ಟು ಹೇಳಿದವಳು ತಡೆಯಲಾರದೆ ಬಿಕ್ಕಿದಳು. “ಆದರೂ ಅಜ್ಜಾರ, ನಾ ಗದರಿಸಿದೆ ಖರೆ. ಇಷ್ಟು ವರ್ಷ ನನ್ನ ಕೈಯಾಗಿನ ರೊಟ್ಟಿ ಉಂಡರು. ಒಬ್ಬರಾದರೂ ಹೊರಗ ಹೋಗಿ, ಇದು ಆಕಿ ಕೈಗುಣ ಅಂತ ನನ್ನ ಹೆಸರು ಹೇಳಬಾರದಿತ್ತೇನ್ರಿ?”

ಅಜ್ಜಾವರು ಅವಳನ್ನು ಕರುಣೆಯಿಂದ ನೋಡಿದರು.

“ತಂಗಿ, ನಿನಗ ರೊಟ್ಟಿ ಬಡಿಯೂದು ಕಲಿಸಿದಾಕಿ ಯಾರಂತ ನಾ ಇವತ್ತಿನ ತನಕಾ ನಿನ್ನ ಬಾಯಿಂದ ಕೇಳಿಲ್ಲ,” ಎಂದರು.