ನರಿಗಳು ಯಾರ ಪ್ರಜೆಗಳು?

ಎತ್ತ ನೋಡಿದರೂ ಮರಳೇ ಮರಳು. ಅಂಥದೊಂದು ಮರಳುಗಾಡಿನಲ್ಲಿ ಎರಡು ರಾಜ್ಯಗಳಿದ್ದವು, ಮಕ್ಕಳೇ. ಮೂಡಣಕ್ಕೆ ಒಂಟೆಗಳ ರಾಜ್ಯ, ಪಡುವಣಕ್ಕೆ ಕಾಡುಕತ್ತೆಗಳ ರಾಜ್ಯ. ನಡುವೆ ಒಂದು ಕಲ್ಲಿನ ಕಣಿವೆ. ಕಣಿವೆಯ ಬಾಯಲ್ಲಿ ಬೇಸಗೆಯಲ್ಲೂ ಬತ್ತದ ಒಂದು ಒರತೆ. ಒಳಗೆ ಬಂಡೆಗಳ ಸಂದಿಯಲ್ಲಿ ಗುಳ್ಳೆನರಿಗಳ ಗುಂಪು.

ಈ ನರಿಗಳಿಗೆ ಗೊತ್ತಿದ್ದದ್ದು ಒಂದೇ ಕಸುಬು. ಒಂದು ದಿನ ಮೂಡಣಕ್ಕೆ ನುಗ್ಗಿ ಮೇಕೆಮರಿ ಹೊತ್ತು ತರುವುದು, ಇನ್ನೊಂದು ದಿನ ಪಡುವಣಕ್ಕೆ ನುಗ್ಗಿ ಕುರಿಮರಿ ಹೊತ್ತು ತರುವುದು. ಅಟ್ಟಿಸಿಕೊಂಡು ಬಂದವರು ಕಣಿವೆಯ ಬಾಯಲ್ಲಿ ಗಕ್ಕನೆ ನಿಲ್ಲಬೇಕು. ಯಾಕೆಂದರೆ ಕಣಿವೆ ಯಾವ ರಾಜ್ಯದ್ದೆಂದು ಇನ್ನೂ ತೀರ್ಮಾನವಾಗಿರಲಿಲ್ಲ. ಮೂಡಣದವರು ಒಳಗೆ ಕಾಲಿಟ್ಟರೆ ಪಡುವಣದವರು "ದಂಡೆತ್ತಿ ಬಂದರು!" ಎಂದು ಅರಚುತ್ತಿದ್ದರು. ಪಡುವಣದವರು ಕಾಲಿಟ್ಟರೆ ಮೂಡಣದವರು ಅರಚುತ್ತಿದ್ದರು. ನರಿಗಳು ಬಂಡೆಯ ಮೇಲೆ ಕೂತು ಬಾಲ ಅಲ್ಲಾಡಿಸುತ್ತಿದ್ದವು.

ಮೂಡಣದಲ್ಲಿ ಗುಂಜಿ ಎಂಬ ಮೇಕೆ ಇದ್ದಳು. ಅವಳಿಗೆ ಇದ್ದದ್ದು ಒಂದೇ ಮರಿ, ಕೆಂಚಿ. ಅದನ್ನೂ ನರಿಗಳು ಹೊತ್ತೊಯ್ದವು. ಹಾಗಂತ ಕೂಡಲೇ ತಿನ್ನಲಿಲ್ಲ. ಅಮಾವಾಸ್ಯೆಗೆ ಅವುಗಳಿಗೆ ದೊಡ್ಡ ಔತಣ. ಅಷ್ಟರೊಳಗೆ ಮರಿ ಚೆನ್ನಾಗಿ ಕೊಬ್ಬಲಿ ಎಂದು ಎಳೆ ಹುಲ್ಲು ತಿನ್ನಿಸುತ್ತ ಇಟ್ಟುಕೊಂಡವು. ಗುಂಜಿ ದಿನವೂ ತಲೆಯೆತ್ತಿ ಚಂದ್ರನನ್ನು ನೋಡುತ್ತಿದ್ದಳು. ಅವನು ಸವೆಯುತ್ತಲೇ ಇದ್ದ. ಆ ತಾಯಿಯ ಸಂಕಟ ಹೇಳತೀರದು.

ಕೊನೆಗೂ ಎರಡು ರಾಜ್ಯಗಳ ರಾಯಭಾರಿಗಳು ಒರತೆಯ ಬಳಿ ಮಾತುಕತೆಗೆ ಬಂದರು. ಮೂಡಣದಿಂದ ಉದ್ದಂಡಯ್ಯ ಎಂಬ ಒಂಟೆ. ಒಂದು ಮಾತನ್ನು ಅರ್ಧ ದಿನ ಮೆಲುಕು ಹಾಕುವ ಆಸಾಮಿ. ಪಡುವಣದಿಂದ ಖುರಸೇನ ಎಂಬ ಕಾಡುಕತ್ತೆ. ಮಾತಿಗೆ ಮೊದಲು ಕಾಲು ಝಾಡಿಸುವ ಆಸಾಮಿ. ಗುಂಜಿ ಓಡೋಡಿ ಬಂದಳು. "ಇನ್ನೇನು, ನನ್ನ ಮರಿ ಸಿಕ್ಕಿತು!" ಎಂದುಕೊಂಡಳು.

ಎಲ್ಲಿ ಸಿಗುತ್ತದೆ! ಯಾರು ಯಾವ ಕಡೆ ಮುಖ ಮಾಡಿ ಕೂರಬೇಕು ಎಂಬುದರ ಮೇಲೆಯೇ ಜಗಳ ಶುರುವಾಯಿತು. ಮೂಡಣಕ್ಕೆ ಮುಖ ಮಾಡಿದವನಿಗೆ ಬೆಳಗಿನ ಬಿಸಿಲು ಕಣ್ಣಿಗೆ ಹೊಡೆಯುತ್ತದೆ. ಕಣ್ಣಿಗೆ ಹೊಡೆದರೆ ತಲೆ ತಗ್ಗುತ್ತದೆ. ತಲೆ ತಗ್ಗಿದರೆ ರಾಜ್ಯವೇ ತಲೆ ತಗ್ಗಿಸಿದಂತೆ! ಇದನ್ನು ಬಗೆಹರಿಸುವುದರಲ್ಲಿ ಎಷ್ಟೋ ದಿನಗಳು ಕಳೆದವು. ಕೊನೆಗೆ ಇಬ್ಬರೂ ಬಡಗಣಕ್ಕೆ ಮುಖ ಮಾಡಿ ಅಕ್ಕಪಕ್ಕ ಕೂತರು. ಒಬ್ಬರ ಮುಖ ಒಬ್ಬರು ನೋಡದೆ ಮಾತಾಡತೊಡಗಿದರು. ನನ್ನನ್ನು ಕೇಳಬೇಡಿ ಮಕ್ಕಳೇ, ಇಂಥವರಿಗೆ ಏನು ಹೇಳಬೇಕೋ ನನಗಂತೂ ಗೊತ್ತಿಲ್ಲ.

ಮರಳುಗಾಡಿನಲ್ಲಿ ಹಿಂದಿನಿಂದ ಬಂದ ಎರಡು ಕಟ್ಟಳೆಗಳಿದ್ದವು. ಒಂದು ರಾಜ್ಯದ ಪ್ರಜೆ ತಲೆಮಾರುಗಳಿಂದ ಎಲ್ಲಿ ವಾಸವಾಗಿದ್ದಾನೋ ಆ ನೆಲ ಆ ರಾಜ್ಯಕ್ಕೆ ಸೇರಿದ್ದು. ಹಾಗೆಯೇ, ಪ್ರಜೆ ಕದ್ದರೆ ಕದ್ದದ್ದನ್ನು ಅವನ ರಾಜ್ಯವೇ ತಂದುಕೊಡಬೇಕು. ಎರಡನ್ನೂ ಇಬ್ಬರೂ ಒಪ್ಪಿದ್ದರು.

ಬೆಳಗ್ಗೆ ನೆಲದ ಮಾತು ಬಂತು.

"ಕಣಿವೆ ನಮ್ಮದು. ಯಾಕೆಂದರೆ ಅಲ್ಲಿರುವ ನರಿಗಳು ನಮ್ಮ ಪ್ರಜೆಗಳು," ಎಂದ ಉದ್ದಂಡಯ್ಯ.

"ಸುಳ್ಳು! ನರಿಗಳು ಅಪ್ಪಟ ಪಡುವಣದವು. ನಮ್ಮ ಅಣ್ಣತಮ್ಮಂದಿರು ಇದ್ದ ಹಾಗೆ," ಎಂದ ಖುರಸೇನ.

ನರಿಗಳ ನಾಯಕ ಮರಳಪ್ಪ ಅಲ್ಲೇ ಬಂಡೆಯ ಮೇಲೆ ಮೈಚೆಲ್ಲಿ ಕೂತಿದ್ದ. "ನಿಮ್ಮಿಬ್ಬರ ಪ್ರೀತಿ ದೊಡ್ಡದು," ಎಂದು ಹಲ್ಲು ಕಿರಿದ.

ಗುಂಜಿಗೆ ಜೀವ ಬಂದ ಹಾಗಾಯಿತು. ಅವಳು ಮುಂದೆ ಬಂದು, "ಸ್ವಾಮಿ, ನರಿಗಳು ನಿಮ್ಮವೇ ಆದರೆ ನನ್ನ ಮರಿಯನ್ನು ಬಿಡಲು ಹೇಳಿ," ಎಂದಳು.

"ಅದು ಮಧ್ಯಾಹ್ನದ ವಿಷಯ ತಾಯಿ. ಈಗ ಬೆಳಗಿನದು ನಡೀತಿದೆ," ಎಂದ ಉದ್ದಂಡಯ್ಯ.

ಮಧ್ಯಾಹ್ನವಾಯಿತು. ಕಳ್ಳತನದ ಮಾತು ಬಂತು. ಪಡುವಣದ ದುಂಡ ಎಂಬ ಟಗರು ಕೂಡ ದೂರು ತಂದಿದ್ದ. ಅವನ ಮರಿಯನ್ನೂ ನರಿಗಳು ಎತ್ತಿಕೊಂಡು ಹೋಗಿದ್ದವು.

"ನರಿಗಳೇ? ಯಾವ ನರಿಗಳು? ನಮಗೂ ಅವಕ್ಕೂ ಸಂಬಂಧವೇ ಇಲ್ಲ," ಎಂದ ಖುರಸೇನ.

"ನಮಗಂತೂ ಅವುಗಳ ಮುಖ ಪರಿಚಯವೂ ಇಲ್ಲ. ಕದ್ದವರು ಪಡುವಣದವರು, ಅವರೇ ತಂದುಕೊಡಲಿ," ಎಂದ ಉದ್ದಂಡಯ್ಯ.

"ಬೆಳಗ್ಗೆ ನಮ್ಮ ಪ್ರಜೆಗಳು ಅಂದಿರಲ್ಲ!" ಎಂದಳು ಗುಂಜಿ.

"ಅದು ಬೆಳಗಿನ ವಿಷಯ ತಾಯಿ. ಈಗ ಮಧ್ಯಾಹ್ನದ್ದು ನಡೀತಿದೆ."

ಮರುದಿನವೂ ಇದೇ. ಅದರ ಮರುದಿನವೂ ಇದೇ. ಬೆಳಗ್ಗೆ ನರಿಗಳು ಇಬ್ಬರಿಗೂ ಬೇಕು, ಮಧ್ಯಾಹ್ನ ಇಬ್ಬರಿಗೂ ಬೇಡ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಒಮ್ಮೆ ಮಾತು ನಿಂತಾಗ ಬಂಡೆಗಳ ಒಳಗಿನಿಂದ "ಅಮ್ಮಾ" ಎಂಬ ಸಣ್ಣ ಕೂಗು ಕೇಳಿಸಿತು. ಗುಂಜಿಯ ಕಿವಿ ನೆಟ್ಟಗಾಯಿತು. ರಾಯಭಾರಿಗಳಿಗೂ ಕೇಳಿಸಿತು. "ಸಭೆಯಲ್ಲಿ ಗಲಾಟೆ ಬೇಡ," ಎಂದು ಇಬ್ಬರೂ ಒಕ್ಕೊರಲಿನಿಂದ ಹೇಳಿದರು. ಅಷ್ಟು ದಿನಗಳಲ್ಲಿ ಅವರು ಜಗಳವಿಲ್ಲದೆ ಒಪ್ಪಿಕೊಂಡ ಮಾತು ಅದೊಂದೇ!

ಆಕಾಶದಲ್ಲಿ ಚಂದ್ರ ಉಗುರಿನಷ್ಟು ಉಳಿದಿದ್ದ. ಗುಂಜಿ ದುಂಡನನ್ನು ಮರಳುದಿಬ್ಬದ ಹಿಂದಕ್ಕೆ ಕರೆದಳು.

"ಅತ್ತೂ ಅತ್ತೂ ನನ್ನ ಗಂಟಲೇ ಬಿದ್ದುಹೋಯಿತು ದುಂಡಣ್ಣ. ಇವರು ಮರಿ ತಂದುಕೊಡುವವರಲ್ಲ. ನಾವೇ ಹೋಗಬೇಕು."

"ಹೋಗೋದು ಹೇಗಮ್ಮ? ಒಳಗೆ ಕಾಲಿಟ್ಟರೆ ಇವರ ಕಾವಲುಗಾರರು ಒದೀತಾರೆ, ಅವರ ಕಾವಲುಗಾರರೂ ಒದೀತಾರೆ."

"ಅವರು ಒದೆಯದ ಹಾಗೆ ನಾನು ನೋಡಿಕೊಳ್ಳುತ್ತೇನೆ. ನಿನ್ನ ಕಡೆಯ ಕೊಂಬಿನವರನ್ನೆಲ್ಲ ಕರೆದುಕೊಂಡು ಬಾ. ನನ್ನ ಕಡೆಯವರನ್ನು ನಾನು ಕರೆತರುತ್ತೇನೆ."

ಮರುದಿನ ಮಧ್ಯಾಹ್ನ ಗುಂಜಿ ಸಭೆಯ ನಡುವೆ ಬಂದು ತಲೆಬಾಗಿ ನಿಂತಳು.

"ಸ್ವಾಮಿ, ನಾವು ಮುಳ್ಳುಕಂಟಿ ಮೇಯುವ ಜನ. ದೊಡ್ಡ ಮಾತುಗಳು ನಮಗೆ ತಿಳಿಯೋಲ್ಲ. ನರಿಗಳು ನಿಮ್ಮವಲ್ಲ ಎಂದು ಒರತೆಯ ನೀರು ಮುಟ್ಟಿ ಹೇಳಿಬಿಡಿ. ಇನ್ನು ಯಾವತ್ತೂ ನಿಮ್ಮ ಬಳಿ ದೂರು ತರೋದಿಲ್ಲ."

ನೀರು ಮುಟ್ಟಿ ಆಡಿದ ಮಾತೆಂದರೆ ಮರಳುಗಾಡಿನಲ್ಲಿ ಕಲ್ಲಿನ ಮೇಲೆ ಕೆತ್ತಿದಂತೆ. ಅದನ್ನು ತಿರುಗಿಸಿದವನನ್ನು ಯಾರೂ ಯಾವ ನೀರಿನ ಹತ್ತಿರಕ್ಕೂ ಬಿಡುತ್ತಿರಲಿಲ್ಲ. ಆದರೆ ಇನ್ನು ದೂರೇ ಬರುವುದಿಲ್ಲವೆಂದರೆ ಯಾವ ರಾಯಭಾರಿಗೆ ಖುಷಿಯಾಗುವುದಿಲ್ಲ? ಅದೂ ಅಲ್ಲದೆ, ಇಷ್ಟು ವರ್ಷ ಕಳುವಾದ ಮರಿಗಳನ್ನೆಲ್ಲ ಕಟ್ಟಿಕೊಡುವ ತಲೆನೋವೂ ತಪ್ಪುತ್ತದೆ!

"ನರಿಗಳು ಮೂಡಣದ ಪ್ರಜೆಗಳಲ್ಲ," ಎಂದು ಉದ್ದಂಡಯ್ಯ ಉದ್ದ ಕತ್ತು ಬಗ್ಗಿಸಿ ನೀರು ಮುಟ್ಟಿದ.

"ಪಡುವಣದವೂ ಅಲ್ಲ!" ಎಂದು ಖುರಸೇನ ಹಿಂದೆ ಬೀಳಬಾರದೆಂದು ಗೊರಸನ್ನೇ ನೀರಿಗೆ ಅದ್ದಿದ.

"ನಾವು ಯಾರ ಪ್ರಜೆಗಳೂ ಅಲ್ಲ! ನಮ್ಮನ್ನು ಕೇಳುವವರೇ ಇಲ್ಲ!" ಎಂದು ಮರಳಪ್ಪ ಬಂಡೆಯ ಮೇಲೆ ಹೊರಳಾಡಿ ನಕ್ಕ.

ಗುಂಜಿ ದಿಬ್ಬದ ಕಡೆ ತಿರುಗಿ ಒಮ್ಮೆ ಗಟ್ಟಿಯಾಗಿ ಕೂಗಿದಳು. ದಿಬ್ಬದ ಹಿಂದಿನಿಂದ ಮೂಡಣದ ಮೇಕೆಗಳೂ ಪಡುವಣದ ಟಗರುಗಳೂ ಕೊಂಬು ತಗ್ಗಿಸಿಕೊಂಡು ಒಟ್ಟಿಗೆ ಇಳಿದು ಬಂದವು.

"ಎಲ್ಲಿಗೆ ಹೊರಟಿರಿ?" ಎಂದು ಉದ್ದಂಡಯ್ಯ ಗಾಬರಿಯಿಂದ ಎದ್ದ.

"ಕಣಿವೆಯೊಳಕ್ಕೆ."

"ನಿಲ್ಲಿ! ಅದು ನಮ್ಮ..." ಎಂದವನು ಬಾಯಿ ಮುಚ್ಚಿಕೊಂಡ. ಕಣಿವೆ ತನ್ನದೆನ್ನಬೇಕಾದರೆ ನರಿಗಳು ತನ್ನವೆನ್ನಬೇಕು. ನೀರಿನ ಪಸೆ ಇನ್ನೂ ಅವನ ತುಟಿಯ ಮೇಲೇ ಇತ್ತು. ಆ ಕಡೆ ಖುರಸೇನನೂ ಬಾಯಿ ತೆರೆದು ಹಾಗೇ ನಿಂತಿದ್ದ. ಕಾವಲುಗಾರರು ಇಬ್ಬರ ಮುಖವನ್ನೂ ನೋಡಿದರು. ಅಪ್ಪಣೆ ಬರಲಿಲ್ಲ. ಅವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಮರಳಪ್ಪನ ನಗು ನಿಂತುಹೋಯಿತು. ಅವನು ಬಂಡೆಯಿಂದ ಹಾರಿ ಒಂಟೆಯ ಕಾಲಿಗೆ ಬಿದ್ದ. "ದೊರೆ, ನಾನು ಮೂಡಣದವನು! ಬೆಳಗ್ಗೆ ನೀವೇ ಹೇಳಿದಿರಿ!"

"ಅದು ಬೆಳಗಿನ ವಿಷಯ," ಎಂದು ಉದ್ದಂಡಯ್ಯ ಕತ್ತು ತಿರುಗಿಸಿದ.

ಮರಳಪ್ಪ ಕಾಡುಕತ್ತೆಯ ಕಾಲಿಗೆ ಬಿದ್ದ. ಅಲ್ಲಿ ಮಾತೂ ಇಲ್ಲ, ಒಂದು ಒದೆ ಸಿಕ್ಕಿತು.

ಕಣಿವೆಯೊಳಗೆ ಆದದ್ದು ಬಹಳ ಹೊತ್ತಿನ ಯುದ್ಧವೇನಲ್ಲ. ಗಡಿಯ ಮರೆಯಲ್ಲಿ ಬದುಕಿದ್ದ ನರಿಗಳಿಗೆ ಎದುರು ನಿಂತು ಕಾದಾಡಿ ಅಭ್ಯಾಸವೇ ಇರಲಿಲ್ಲ. ದುಂಡನ ಮೊದಲ ಗುಮ್ಮಿಗೇ ಅರ್ಧ ನರಿಗಳು ಓಟ ಕಿತ್ತವು. ಉಳಿದವು ಅವುಗಳ ಬಾಲ ಹಿಡಿದು ಹೋದವು. ಮರಳಪ್ಪ ಎಲ್ಲರಿಗಿಂತ ಮುಂದಿದ್ದ.

ಗುಂಜಿ ಬಂಡೆಯ ಸಂದಿಯಲ್ಲಿ ತಲೆ ತೂರಿಸಿದಳು. ಕೆಂಚಿ ಅಲ್ಲಿದ್ದಳು. ಹುಲ್ಲು ತಿಂದು ತಿಂದು ದುಂಡಗಾಗಿದ್ದಳು, ಆದರೆ ಮೈಯೆಲ್ಲ ನಡುಗುತ್ತಿತ್ತು. ಅವಳ ಪಕ್ಕದಲ್ಲೇ ದುಂಡನ ಮರಿಯೂ ಮುದುರಿಕೊಂಡಿತ್ತು. ಗುಂಜಿ ಮಗಳ ಕಿವಿ, ಕಣ್ಣು, ಮೂತಿಯನ್ನೆಲ್ಲ ನೆಕ್ಕಿದಳು. "ಯಾಕಮ್ಮಾ ಇಷ್ಟು ತಡ?" ಎಂದು ಮರಿ ಕೇಳಿತು. ಗುಂಜಿ ಅದರ ಹಣೆಗೆ ಹಣೆ ಒತ್ತಿದಳು. ನೆಕ್ಕುತ್ತಲೇ ಇದ್ದಳು.

ಆಮೇಲೆ ಮೇಕೆಗಳೂ ಕುರಿಗಳೂ ಆ ಕಣಿವೆಯಲ್ಲೇ ನೆಲೆನಿಂತವು. ಮೇಕೆ ಯಾರು, ಕುರಿ ಯಾರು, ಮೂಡಣ ಎಲ್ಲಿ, ಪಡುವಣ ಎಲ್ಲಿ ಎಂದು ಅವು ತಲೆಕೆಡಿಸಿಕೊಳ್ಳಲಿಲ್ಲ. ಗುಂಜಿ ರಾಯಭಾರಿಗಳಿಗೆ ಹೇಳಿ ಕಳುಹಿಸಿದಳು: "ಬಾಯಾರಿದವರು ಬಂದು ಒಂದು ಮಾತು ಕೇಳಿ ನೀರು ಕುಡಿಯಬಹುದು. ಇಲ್ಲಿ ಯಾರಿಗೂ ಇಲ್ಲವೆನ್ನುವುದಿಲ್ಲ."

ಉದ್ದಂಡಯ್ಯನಿಗೆ ಬಾಯಾರಿತ್ತು. ಖುರಸೇನನಿಗೂ ಬಾಯಾರಿತ್ತು. ಒರತೆ ನಾಲ್ಕು ಹೆಜ್ಜೆ ಆಚೆಗೆ ತಣ್ಣಗೆ ಹರಿಯುತ್ತಿತ್ತು. ಆದರೆ ಮೇಕೆಯ ಬಳಿ ಮೊದಲು ಹೋಗಿ ಕೇಳುವವರು ಯಾರು? ಮೊದಲು ಕೇಳಿದ ರಾಜ್ಯದ ಮಾನ ಏನಾಗಬೇಕು? ಈ ವಿಷಯವಾಗಿ ಅವರ ಮಾತುಕತೆ ಇನ್ನೂ ನಡೆದೇ ಇದೆ.

ನೀತಿ: ಲಾಭಕ್ಕೆ ನಮ್ಮವರು, ಹೊಣೆಗೆ ಪರರು ಎನ್ನುವವರ ಕೈಯಲ್ಲಿ ಕೊನೆಗೆ ಏನೂ ಉಳಿಯುವುದಿಲ್ಲ.